ಕನ್ನಡಿಯ ಪಕ್ಕದ ಪೊಲೀಸು

ಮಾರ್ಚ್ ೩

ಮಗಳೇ,

ನಿನ್ನ ಫೋಟೋ ಬಂತು. ಬಂದ ದಿನವೇ ಕಟ್ಟು ಹಾಕಿಸಿ, ಅಂಗಡಿಯಲ್ಲಿ ದೊಡ್ಡ ಕನ್ನಡಿಯ ಪಕ್ಕಕ್ಕೆ ತೂಗುಹಾಕಿದೆ. ಕ್ಷೌರಕ್ಕೆ ಕೂತವರು ತಲೆ ಎತ್ತಿದರೆ ಮೊದಲು ಕಾಣುವುದು ಪೊಲೀಸ್ ಟೋಪಿ ಹಾಕಿದ ನೀನು, ಆಮೇಲೆ ಸೋಪು ಮೆತ್ತಿದ ಅವರ ಮುಖ. ನಿನ್ನ ಅತ್ತೆ, "ಮನೇಲಿ ಹಾಕ್ಕೋ, ಅಂಗಡೀಲಿ ಯಾಕೋ?" ಅಂದಳು. ನನ್ನ ಅಕ್ಕ ಯಾವುದಕ್ಕೆ ತಾನೇ ಒಪ್ಪಿದ್ದಾಳೆ ಹೇಳು! ಮಗಳು ಪೊಲೀಸ್ ಆದದ್ದನ್ನು ಮನೆಯ ಗೋಡೆಗೆ ಹೇಳಿ ಏನು ಬಂತು, ಬೀದಿಗೆ ಹೇಳಬೇಡವೇ?

ಇದನ್ನೆಲ್ಲ ಫೋನಿನಲ್ಲಿ ಹೇಳೋಣವೆಂದರೆ ನಮ್ಮಿಬ್ಬರಿಗೂ "ಊಟ ಆಯ್ತಾ", "ಆಯ್ತು, ನಿಂದು?" ಆದಮೇಲೆ ಮಾತೇ ಹೊರಡುವುದಿಲ್ಲ. ಕಾಗದದಲ್ಲಾದರೆ ನಾನು ರೇಡಿಯೋನನ್ನೂ ಮೀರಿಸುತ್ತೇನೆ.

ಅಂದ ಹಾಗೆ, ನಮ್ಮ ಸೈಕಲ್ ರಿಪೇರಿಯ ರೇಡಿಯೋಗೆ ಏನೋ ಆಗಿದೆ. ಕೆನ್ನೆಗೆ ಕತ್ತಿ ಇಟ್ಟಾಗಲೂ ತುಟಿಯ ಕೊನೆಯಿಂದ ಊರ ಸುದ್ದಿ ಬಿತ್ತರಿಸುವವನು ಅವನು. ಆ ಹೆಸರು ಇಟ್ಟವಳೂ ನೀನೇ, ಚಿಕ್ಕವಳಿದ್ದಾಗ. ನಿನ್ನೆ ಬಂದ, ಕೂತ, ಕ್ಷೌರ ಮಾಡಿಸಿಕೊಂಡ, ಹೋದ. ಒಂದು ಮಾತಿಲ್ಲ. ಹಲ್ಲು ನೋವಿರಬಹುದು.

ಮೇ ತಿಂಗಳಲ್ಲಿ ರಜೆಗೆ ಬರುತ್ತೀಯಲ್ಲ? ನಿನ್ನ ಮಂಚದ ಮೇಲೆ ಅತ್ತೆ ಹೊಲಿಗೆಯ ಬಟ್ಟೆ ಗುಡ್ಡೆ ಹಾಕಿದ್ದಾಳೆ. ತೆಗೆಸುತ್ತೇನೆ.

ನಿನ್ನ ದಾರಿ ನೋಡುತ್ತಾ,
ಅಪ್ಪ


ಮಾರ್ಚ್ ೧೨

ಅಪ್ಪನಿಗೆ,

ತಾವು ಬರೆದ ಪತ್ರವು ತಲುಪಿದೆ. ಸದರಿ ಪತ್ರದಲ್ಲಿ ತಿಳಿಸಿರುವ ಫೋಟೋವನ್ನು ಸಾರ್ವಜನಿಕರ ಕಣ್ಣಿಗೆ ಬೀಳದಂತೆ ಕೂಡಲೇ ತೆರವುಗೊಳಿಸತಕ್ಕದ್ದು.

ರೇಡಿಯೋ ಮಾಮನಿಗೆ ಹಲ್ಲು ನೋವಲ್ಲ, ನಾನು. ಬಸ್ಸು ಎಷ್ಟೇ ತುಂಬಿದ್ದರೂ ನನ್ನ ಪಕ್ಕದ ಸೀಟು ಖಾಲಿ ಇರುತ್ತದೆ. ನಾನು ಹತ್ತುವ ತನಕ ಜೋರಾಗಿ ನಗುತ್ತಿದ್ದವರು ಕಿಟಕಿಯಾಚೆ ನೋಡತೊಡಗುತ್ತಾರೆ. ನಮ್ಮ ಬೀದಿಯವರೂ ಹಾಗಾಗುವುದು ಬೇಡ. ದಯವಿಟ್ಟು ತೆಗೆ.

ಇಂತಿ,
ಮಗಳು


ಮಾರ್ಚ್ ೨೦

ಮಾನ್ಯ ಪೊಲೀಸಮ್ಮನವರಲ್ಲಿ ಆರೋಪಿಯಾದ ಅವರ ಅಪ್ಪ ಮಾಡಿಕೊಳ್ಳುವ ಮನವಿ,

ನಿನ್ನ ಕಾಗದ ಓದಿ ನನ್ನ ಎರಡೂ ಕೈ ತಾವಾಗಿಯೇ ಮೇಲೆ ಹೋದವು. "ಸದರಿ" ಅಂತೆ, "ತೆರವುಗೊಳಿಸತಕ್ಕದ್ದು" ಅಂತೆ! ಅತ್ತೆಗೆ ಓದಿ ಹೇಳಿದೆ. "ಜಾಮೀನು ಸಿಗುತ್ತೇನೋ ಕೇಳು" ಅಂದಳು. ಮುಂದಿನ ಸಲ ಮಗಳು ಬರೆಯಲಿ, ಠಾಣೆ ಬರೆಯುವುದು ಬೇಡ.

ಫೋಟೋ ತೆಗೆಯುವುದಿಲ್ಲ. ಆದರೆ ನೀನು ಹೇಳಿದ್ದು ಸುಳ್ಳಲ್ಲ ಎಂದು ಒಪ್ಪಬೇಕಾಯಿತು. ಮೊನ್ನೆ ಲಾರಿ ಡ್ರೈವರ್ ಒಬ್ಬ ಮೀಸೆ ಟ್ರಿಮ್ ಮಾಡಿಸಲು ಕೂತ. ಒಂದು ಕಡೆ ಮುಗಿದಿತ್ತು. ತಲೆ ಎತ್ತಿದ, ನಿನ್ನನ್ನು ನೋಡಿದ. "ಯಾರಿದು?" ಅಂದ. "ನನ್ನ ಮಗಳು" ಅಂದೆ. "ಇನ್ನೊಂದ್ಕಡೆಗೆ ಆಮೇಲೆ ಬರ್ತೀನಿ" ಎಂದು ಎದ್ದು ಹೋದವನು ಇನ್ನೂ ಬಂದಿಲ್ಲ. ಆ ಒಂಟಿ ಮೀಸೆ ಇಟ್ಟುಕೊಂಡು ಯಾವ ಊರು ಸುತ್ತುತ್ತಿದ್ದಾನೋ! ಉಳಿದವರೂ ಅಷ್ಟೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರೇ ಎಲ್ಲ.

ರೇಡಿಯೋ ಮಾತ್ರ ಅರ್ಥವಾಗುತ್ತಿಲ್ಲ. ಹೆಗಲು ಮುಟ್ಟಿಕೊಳ್ಳಲು ಅವನು ಏನು ಕದ್ದಿದ್ದಾನೆ? ನಿನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟವನು. ಬರುತ್ತಾನೆ, ನಿನ್ನ ಫೋಟೋ ನೋಡುತ್ತಾನೆ, ಬಾಯಿ ತೆರೆಯುತ್ತಾನೆ, ಮತ್ತೆ ಮುಚ್ಚಿಕೊಳ್ಳುತ್ತಾನೆ. ಅವನು ಶುರು ಮಾಡದಿದ್ದರೆ ನಮ್ಮ ಅಂಗಡಿಯಲ್ಲಿ ಇನ್ನು ಯಾರೂ ಶುರು ಮಾಡುವುದಿಲ್ಲ. ನಿಜ ಹೇಳಲಾ, ಮಾತಿಲ್ಲದೆ ನನಗೆ ಕೈಯೇ ಓಡುವುದಿಲ್ಲ.

ನಿನ್ನನ್ನು ನೋಡಬೇಕು ಅನ್ನಿಸುತ್ತದೆ. ಫೋಟೋದಲ್ಲಿ ನೀನು ನಕ್ಕಿಲ್ಲ.

ಅಪ್ಪ


ಏಪ್ರಿಲ್ ೬

ಅಪ್ಪಾ,

ಇದನ್ನು ಮಗಳೇ ಬರೆಯುತ್ತಿದ್ದಾಳೆ.

ಆ ಫೋಟೋ ತೆಗೆಯುವಾಗ ನಗಬಾರದು ಅಂದರು. ಆಮೇಲೆ ನಗಲು ಕಾರಣವೂ ಸಿಗಲಿಲ್ಲ. ನನ್ನ ಕೋಣೆ ಹಿಟ್ಟಿನ ಗಿರಣಿಯ ಮೇಲಿದೆ. ಮನೆಯ ಯಜಮಾನಿ ಒಳ್ಳೆಯವರೇ, ಆದರೆ ಮೊದಲ ದಿನವೇ "ಯೂನಿಫಾರ್ಮ್ ಮಾತ್ರ ಹೊರಗೆ ಒಣಹಾಕ್ಬೇಡಮ್ಮ, ನೋಡಿದೋರು ಏನಂದ್ಕೋತಾರೆ" ಅಂದರು. ಬೇರೆ ಬಾಡಿಗೆದಾರರ ಒಳಬಟ್ಟೆಗಳೆಲ್ಲ ಬಿಸಿಲಲ್ಲಿ ರಾಜಾರೋಷವಾಗಿ ಹಾರಾಡುತ್ತವೆ, ನನ್ನ ಯೂನಿಫಾರ್ಮಿಗೆ ಮಾತ್ರ ನಾಚಿಕೆ. ಕೋಣೆಯೊಳಗೇ ಹಗ್ಗ ಕಟ್ಟಿದ್ದೇನೆ. ಬೆಳಿಗ್ಗೆ ಹಾಕಿಕೊಂಡರೆ ಮುಗ್ಗಲು ವಾಸನೆ.

ಹೋದ ವಾರ ಔಷಧಿ ಅಂಗಡಿಯ ಮುಂದೆ ಒಂದು ಮಗು ಹಟ ಮಾಡುತ್ತಿತ್ತು. ತಾಯಿ ನನ್ನನ್ನು ತೋರಿಸಿ, "ಸುಮ್ನಿರದಿದ್ರೆ ಪೊಲೀಸ್ ಹಿಡ್ಕೊಂಡು ಹೋಗ್ತಾಳೆ ನೋಡು" ಅಂದಳು. ಮಾತಾಡಿಸೋಣವೆಂದು ಬಗ್ಗಿದೆ. ಮಗು ಹೆದರಿ ಉಚ್ಚೆ ಮಾಡಿಕೊಂಡಿತು. ತಾಯಿ ನನಗೆ ಕೈ ಮುಗಿದು "ಏನೂ ಅಂದ್ಕೋಬೇಡಿ ಮೇಡಂ" ಅಂದಳು. ಏನು ಅಂದುಕೊಳ್ಳಲಿ ಅಪ್ಪಾ? ನೀನೂ ನನಗೆ ಹಾಗೆ ಹೆದರಿಸಿಯೇ ಊಟ ಮಾಡಿಸಿದವನು.

ಜನ ಸುಮ್ಮಸುಮ್ಮನೆ ಹೆದರುವುದಿಲ್ಲ, ಅದೂ ನನಗೆ ಗೊತ್ತು. ನಮ್ಮಲ್ಲೇ ಮಾತಿಗಿಂತ ಮುಂಚೆ ಕೈ ಬೀಸುವವರಿದ್ದಾರೆ. ದೂರು ಕೊಡಲು ಬಂದವರನ್ನೇ ಕಳ್ಳರ ಥರ ನೋಡುವವರಿದ್ದಾರೆ. ಅವರು ಗಳಿಸಿದ ಹೆದರಿಕೆಯನ್ನು ನಾನೂ ಹೊತ್ತು ತಿರುಗಬೇಕು. ಕಾಣೆಯಾದವರನ್ನು ಹುಡುಕುವ ವಿಭಾಗಕ್ಕೆ ನನ್ನನ್ನು ಹಾಕಿದ್ದಾರೆ. ಜನ ಬಾಗಿಲ ತನಕ ಬರುತ್ತಾರೆ, ಒಳಗೆ ಇಣುಕುತ್ತಾರೆ, ವಾಪಸ್ಸು ಹೋಗುತ್ತಾರೆ.

ಕೆಲಸ ಬಿಡುತ್ತೇನೆಂದು ಅರ್ಜಿ ಬರೆದು ಪೆಟ್ಟಿಗೆಯಲ್ಲಿಟ್ಟಿದ್ದೇನೆ. ನಿನ್ನ ಹತ್ತಿರ ಬರಬೇಕು ಅನ್ನಿಸುತ್ತದೆ. ನೀನು ಹೂಂ ಅಂದರೆ ಕೊಟ್ಟುಬಿಡುತ್ತೇನೆ.

ನಿನ್ನ
ಪುಟ್ಟಿ


ಏಪ್ರಿಲ್ ೧೩

ಪುಟ್ಟೀ,

ಹೂಂ. ಹೂಂ, ಹೂಂ, ಹೂಂ.

ಮಂಚ ಖಾಲಿ ಮಾಡಿಸಿದ್ದೇನೆ. ಅತ್ತೆ ಬಾಯಲ್ಲಿ ಬೈಯುತ್ತಾ ಕೈಯಲ್ಲಿ ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದಳು. ಫೋಟೋವನ್ನೂ ಇಳಿಸಿದೆ. ಮಗಳನ್ನು ಬೀದಿಗೆಲ್ಲ ತೋರಿಸಬೇಕೆಂಬ ಚಪಲ ನನ್ನದು. ಈಗ ನೀನು ನನ್ನ ಕಣ್ಣಿಗೆ ಕಂಡರೆ ಸಾಕು.

ಬೇಗ ಬಾ.

ಅಪ್ಪ


ಏಪ್ರಿಲ್ ೨೧

ಮಗಳೇ,

ರೇಡಿಯೋ ಬಾಯಿ ಬಿಟ್ಟ.

ನಿನ್ನೆ ಬಾಗಿಲಲ್ಲೇ ನಿಂತು ಖಾಲಿ ಗೋಡೆ ನೋಡಿ, "ಎಲ್ಲಿ ಹುಡುಗಿ?" ಅಂದ. "ನೀನು ಹೆದರ್ತೀಯ ಅಂತ ತೆಗೆದೆ ಕಣೋ" ಅಂದೆ. "ನಾನ್ಯಾಕೆ ಹೆದರ್ಲಿ? ಅವಳಿಗೆ ಒಂದು ವಿಷ್ಯ ಹೇಳ್ಬೇಕು ಅಂತ್ಲೇ ಬರ್ತೀನಿ. ಬಾಯಿಗೆ ಬರಲ್ಲ" ಅಂದು ಕುರ್ಚಿಯಲ್ಲಿ ಕುಸಿದು ಕೂತ.

ಅವನ ಮಗ ನಿನಗೆ ಗೊತ್ತಲ್ಲ, ಅಪ್ಪನ ಪಾಲಿಗೂ ಸೇರಿಸಿ ಸುಮ್ಮನಿರುವ ಹುಡುಗ. ದೊಡ್ಡ ಅಂಗಡಿಯಲ್ಲಿ ಕೆಲಸ ಸಿಕ್ಕಿ ಬೇರೆ ಊರಿಗೆ ಹೋದ ಅಂತ ರೇಡಿಯೋ ಎಲ್ಲರಿಗೂ ಹೇಳಿದ್ದ. ಸುಳ್ಳು. ಹುಡುಗ ಮನೆ ಬಿಟ್ಟು ಹೋಗಿದ್ದಾನೆ.

ಫೆಬ್ರವರಿಯ ಒಂದು ಭಾನುವಾರ ಅಂಗಡಿ ತುಂಬ ಜನ. ಹುಡುಗ ಇಷ್ಟಪಟ್ಟ ಹುಡುಗಿಯ ಮನೆಯವರು ಆಗುವುದಿಲ್ಲ ಅಂದಿದ್ದರು. ರೇಡಿಯೋ ಅದನ್ನೇ ಕಥೆ ಕಟ್ಟಿ ಹೇಳಿದ: "ನಲ್ಲಿ ಸೋರ್ತಾ ಇದೆ ಅಂತ ಎದ್ದು ಹೋಗಿ ನೋಡ್ತೀನಿ, ನಲ್ಲಿ ಅಲ್ಲ, ನನ್ನ ಮಗ ಅಳ್ತಾ ಕೂತಿದಾನೆ!" ಎಲ್ಲರೂ ನಕ್ಕರು. ನಾನು ಕತ್ತಿ ಪಕ್ಕಕ್ಕಿಟ್ಟು ನಕ್ಕೆ. ಕೂದಲು ಕತ್ತರಿಸಿಕೊಳ್ಳಲು ಬಂದ ಹುಡುಗ ಬಾಗಿಲಲ್ಲಿ ನಿಂತಿದ್ದನಂತೆ. ಅಲ್ಲಿಂದಲೇ ಹೋದವನು ಮತ್ತೆ ಮನೆಗೆ ಬಂದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರೇಡಿಯೋ ಬಾಯಿಗೆ ಬೀಗ ಹಾಕಿಕೊಂಡದ್ದು ಅದಕ್ಕೆ.

ನಾನೇ ಬಲವಂತ ಮಾಡಿ ಅವನನ್ನು ಇಲ್ಲಿಯ ಠಾಣೆಗೆ ಕರೆದುಕೊಂಡು ಹೋದೆ. ಮೇಜಿನ ಹಿಂದೆ ಕೂತವನು ತಲೆ ಎತ್ತದೆ, "ಹೊಡೆದು ಓಡಿಸಿದ್ಯಾ?" ಅಂದ. "ಇಲ್ಲ ಸಾರ್." "ಹಾಗಾದ್ರೆ ಏನು ಕದ್ಕೊಂಡು ಹೋದ?" ಎದುರು ಗೋಡೆಯಲ್ಲಿ ಒಂದು ಬೋರ್ಡು. ಕಳ್ಳರ ಫೋಟೋ, ಗುರುತು ಸಿಗದ ಹೆಣಗಳ ಫೋಟೋ, ಕಾಣೆಯಾದವರ ಫೋಟೋ, ಎಲ್ಲ ಒಟ್ಟೊಟ್ಟಿಗೆ. "ಮಗನ ಫೋಟೋ ಕೊಡು" ಅಂದ. ರೇಡಿಯೋ ಜೇಬಿನಿಂದ ತೆಗೆದ, ಬೋರ್ಡು ನೋಡಿದ, ಮತ್ತೆ ಜೇಬಿಗೆ ಹಾಕಿಕೊಂಡು ಹೊರಗೆ ನಡೆದುಬಿಟ್ಟ.

ನೀನು ಕೆಲಸ ಬಿಡುವುದೇ ಸರಿ. ಅಂಥವರ ನಡುವೆ ನಿನಗೇನು ಕೆಲಸ? ರೇಡಿಯೋಗೆ ಏನು ಹೇಳಲಿ, ಅದೊಂದು ಬರೆ.

ಅಪ್ಪ


ಏಪ್ರಿಲ್ ೨೮

ರೇಡಿಯೋ ಮಾಮ,

ಆ ಎರಡು ಪ್ರಶ್ನೆ ಕೇಳಿದ್ದು ನಾನಲ್ಲ. ಆದರೂ ಕ್ಷಮಿಸಿ.

ಅವನ ಫೋಟೋ ಯಾವ ಬೋರ್ಡಿಗೂ ಹೋಗುವುದಿಲ್ಲ. ನನಗೆ ಕಳಿಸಿ. ಆದರೆ ಫೋಟೋ ಸಾಲದು. ಫೋಟೋದಲ್ಲಿ ಎಲ್ಲ ಹುಡುಗರೂ ತಲೆ ಬಾಚಿಕೊಂಡು ಒಂದೇ ಥರ ನಿಂತಿರುತ್ತಾರೆ. ನನಗೆ ಅವನು ಗೊತ್ತು, ಬೇರೆ ಊರಿನ ಠಾಣೆಯವರಿಗೆ ಗೊತ್ತಿಲ್ಲ. ಹೇಗೆ ನಡೆಯುತ್ತಾನೆ, ಸುಮ್ಮನೆ ಕೂತಾಗ ಕೈ ಏನು ಮಾಡುತ್ತದೆ, ಹೇಗೆ ನಗುತ್ತಾನೆ, ಎಲ್ಲ ಅಪ್ಪನ ಕೈಲಿ ಬರೆಸಿ. ಮಾತಾಡಲು ನಿಮಗೆ ನಾನು ಹೇಳಿಕೊಡಬೇಕೇ?

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅವನು ವಯಸ್ಸಿಗೆ ಬಂದವನು. ಸಿಕ್ಕಿದರೂ ಎಳೆದುಕೊಂಡು ಬರಲು ನನಗೆ ಆಗುವುದಿಲ್ಲ.

ನೀವು ಸ್ಕೂಲಿಗೆ ಬಿಡುತ್ತಿದ್ದ
ಹುಡುಗಿ


ಮೇ ೪

ಮಗಳೇ,

ರೇಡಿಯೋ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ. ಅಂಗಡಿಯ ಬಾಗಿಲು ಅರ್ಧ ಎಳೆದಿದ್ದೇನೆ.

"ಬರ್ಕೋ. ನಡೆಯುವಾಗ ಎಡಗಡೆ ವಾಲ್ತಾನೆ. ಸೈಕಲ್ ತಳ್ಕೊಂಡು ಹೋಗಿ ಹೋಗಿ ಅಭ್ಯಾಸ, ಕೈಯಲ್ಲಿ ಸೈಕಲ್ ಇಲ್ಲದಿದ್ರೂ ಹಾಗೇ. ದಾರೀಲಿ ಯಾರ ಸೈಕಲ್ ನಿಂತಿದ್ರೂ ಸರಿ, ಹೆಬ್ಬೆರಳಲ್ಲಿ ಟೈರು ಒತ್ತಿ ನೋಡಿಯೇ ಮುಂದೆ ಹೋಗೋದು. ಅದಕ್ಕೇ ಒಂದ್ಸಲ ಯಾರೋ ಕಳ್ಳ ಅಂತ ಹಿಡ್ಕೊಂಡಿದ್ರು, ನಾನು ಹೋಗಿ ಬಿಡಿಸ್ಕೊಂಡು ಬಂದೆ, ಅದು ಬೇರೆ ಕಥೆ, ಅದು ಬೇಡ. ಬೆಲ್ಲು ರಿಪೇರಿ ಮಾಡಿದ್ರೆ ಕಿವಿ ಹತ್ರ ಇಟ್ಕೊಂಡು ಬಾರಿಸ್ತಾನೆ, ಕಣ್ಣು ಮುಚ್ಕೊಂಡು. ಸರಿ ಇಲ್ಲದಿದ್ರೆ ಮತ್ತೆ ಬಿಚ್ತಾನೆ. ಬಿಚ್ಚಿದ ಕೆಲಸ ಅರ್ಧಕ್ಕೆ ಬಿಟ್ಟವನೇ ಅಲ್ಲ. ನಕ್ಕರೆ ಸದ್ದು ಬರಲ್ಲ, ಭುಜ ಮಾತ್ರ ಕುಣಿಯುತ್ತೆ. ಅಳುವಾಗ..."

ಇಲ್ಲಿ ಒಂದು ಸಾಲು ಹೊಡೆದುಹಾಕಿದ್ದೇನೆ. ರೇಡಿಯೋ ಹೇಳಿ, ಆಮೇಲೆ ಬೇಡ ಅಂದ.

ಫೋಟೋ ಇದರೊಳಗಿದೆ. ನಿನ್ನ ಫೋಟೋವನ್ನು ರೇಡಿಯೋನೇ ಮತ್ತೆ ಗೋಡೆಗೆ ಹಾಕಿದ. ಫೋನಿನಲ್ಲಿ ಹೇಳಿದ ಹಾಗೆ ಹತ್ತೊಂಬತ್ತನೇ ತಾರೀಕಿನ ಬಸ್ಸಿಗೆ ತಾನೇ ರಜೆಗೆ ಬರುವುದು? ನಿಲ್ದಾಣಕ್ಕೆ ಬರುತ್ತೇನೆ.

ಅಪ್ಪ


ಮೇ ೧೫

ಅಪ್ಪಾ,

ನಾನು ಬರುತ್ತಿಲ್ಲ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಹತ್ತೊಂಬತ್ತರೊಳಗೆ ಈ ಕಾಗದ ತಲುಪಬಹುದು.

ರೇಡಿಯೋ ಮಾಮ ಹೇಳಿದ್ದನ್ನೆಲ್ಲ ಬೇರೆ ಬೇರೆ ಠಾಣೆಗಳಲ್ಲಿರುವ ನನ್ನ ಜೊತೆಯವರಿಗೆ ಫೋನಿನಲ್ಲಿ ಓದಿ ಹೇಳಿದ್ದೆ. ಒಬ್ಬಳು ವಾಪಸ್ಸು ಫೋನ್ ಮಾಡಿದ್ದಳು. ಅವಳ ಸೈಕಲ್ಲಿನ ಬೆಲ್ಲನ್ನು ಒಬ್ಬ ಹುಡುಗ ಕಿವಿಯ ಹತ್ತಿರ ಇಟ್ಟುಕೊಂಡು ಬಾರಿಸಿದನಂತೆ. ಬರವಣಿಗೆಯಲ್ಲಿ ದೂರು ಇಲ್ಲದ್ದರಿಂದ ಕೆಲಸದ ಮೇಲೆ ಹೋಗಲು ಅಪ್ಪಣೆ ಸಿಗುವುದಿಲ್ಲ. ರಜೆಯಲ್ಲಿ ಹೋಗುತ್ತೇನೆ. ಇರುವುದು ಅದೊಂದೇ ರಜೆ. ಮಾಮನಿಗೆ ಈಗಲೇ ಹೇಳಬೇಡ.

ಅತ್ತೆಗೆ ಏನು ಹೇಳುತ್ತೀಯೋ ಗೊತ್ತಿಲ್ಲ. ನಿನಗೆ ಏನು ಹೇಳಲಿ ಅಂತಲೂ ಗೊತ್ತಾಗುತ್ತಿಲ್ಲ.

ಪುಟ್ಟಿ


ಮೇ ೨೧

ಮಗಳೇ,

ನಿನ್ನ ಕಾಗದ ಬಂದದ್ದು ನಿನ್ನೆ. ಮೊನ್ನೆ ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಒಂದು ಬಸ್ಸು ತಪ್ಪಿದ್ದರೆ ಇನ್ನೊಂದರಲ್ಲಿ ಬರುತ್ತಾಳೆ ಅಂದುಕೊಂಡು ಕೂತೆ. ಎಲ್ಲ ಬಸ್ಸೂ ಬಂದವು.

ಬೇರೆಯವರ ಮಗನನ್ನು ಹುಡುಕುವ ಕೆಲಸ ದೊಡ್ಡದೇ ಇರಬಹುದು. ನಾನೇನೂ ಹೇಳುವುದಿಲ್ಲ.

ಅಪ್ಪ


ಜೂನ್ ೨

ಅಪ್ಪಾ,

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವನು ಸಿಕ್ಕಿದ. ಒಂದು ಕಾರ್ಖಾನೆಯ ಗೇಟಿನ ಹತ್ತಿರ ಸೈಕಲ್ ಸ್ಟ್ಯಾಂಡಿನಲ್ಲಿ ಕೆಲಸ ಮಾಡುತ್ತಿದ್ದಾನೆ. ನನ್ನನ್ನು ನೋಡಿದವನೇ "ಅಕ್ಕಾ!" ಎಂದು ಮುಖ ಅರಳಿಸಿದ. ಮರುಗಳಿಗೆಯಲ್ಲಿ ನಾನು ಪೊಲೀಸ್ ಅನ್ನುವುದು ನೆನಪಾಯಿತು ಕಾಣುತ್ತದೆ, ಕೈಯಲ್ಲಿದ್ದ ಸ್ಪ್ಯಾನರ್ ಬಿಸಾಕಿ ಓಡಿದ. ನಾನು ಬೆನ್ನು ಹತ್ತಲಿಲ್ಲ. ಅವನು ಬಿಚ್ಚಿಟ್ಟಿದ್ದ ಚಕ್ರದ ಪಕ್ಕದಲ್ಲಿ ನಿಂತೆ. ಬಿಚ್ಚಿದ ಕೆಲಸ ಬಿಟ್ಟು ಹೋಗುವವನಲ್ಲವಲ್ಲ. ಬಂದ.

"ಯಾವ ಕೇಸು?" ಅಂದ.

"ಕೇಸಿಲ್ಲ. ನಿಮ್ಮಪ್ಪ ಮಾತಾಡೋದು ಬಿಟ್ಟಿದ್ದಾರೆ."

ಅವನ ಭುಜ ಕುಣಿಯಿತು. ನಂಬಲಿಲ್ಲ. ಆಮೇಲೆ ನನ್ನ ಮುಖ ನೋಡಿ ನಂಬಿದ. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಬಿಗಿಮಾಡುತ್ತಾ, "ನಾನಿರೋ ಜಾಗ ಹೇಳ್ಬೇಡಿ ಅಕ್ಕ. ಅಪ್ಪನಿಗೆ ಹೇಳಿದ್ರೆ ಊರಿಗೇ ಹೇಳಿದ ಹಾಗೆ" ಅಂದ.

"ನೀನು ಬೇಡ ಅಂದ್ರೆ ಹೇಳಲ್ಲ."

"ಪೊಲೀಸ್ರ ಮಾತು!"

"ಹೂಂ, ಪೊಲೀಸ್ರ ಮಾತೇ" ಅಂದೆ.

"ಚೆನ್ನಾಗಿದ್ದೀನಿ ಅಂತ ಹೇಳಿ. ಅಷ್ಟು ಮಾತ್ರ ಹೇಳಿ" ಅಂದ. ನಿಜಕ್ಕೂ ಚೆನ್ನಾಗಿದ್ದಾನೆ ಅಪ್ಪಾ. ಸ್ವಲ್ಪ ಬಡವಾಗಿದ್ದಾನೆ, ಹೊಟ್ಟೆಗೆ ತಿನ್ನುತ್ತಿದ್ದಾನೆ, ಮಾಲೀಕ ಒಳ್ಳೆಯವನು. ಊರು ಯಾವುದು ಅಂತ ನಿನಗೂ ಹೇಳುವುದಿಲ್ಲ. ಕೇಳಬೇಡ.

ಅರ್ಜಿ ಇನ್ನೂ ಪೆಟ್ಟಿಗೆಯಲ್ಲೇ ಇದೆ. ಅವತ್ತು ನೀನು ಹೂಂ ಅಂದಿದ್ದೆ. ಈಗಲೂ ಹೂಂ ಅನ್ನುತ್ತೀಯಾ? ಬರಬೇಕು ಅಂತ ಆಸೆ ಇದೆ, ಅದು ಸುಳ್ಳಲ್ಲ. ನಿನ್ನ ಅಂಗಡಿಯ ಬೆಂಚಿನ ಮೇಲೆ ಸುಮ್ಮನೆ ಕೂತು ಕತ್ತರಿಯ ಸದ್ದು ಕೇಳಬೇಕು ಅನ್ನಿಸುತ್ತದೆ.

ಪುಟ್ಟಿ


ಜೂನ್ ೧೪

ಪುಟ್ಟೀ,

ನಿನ್ನ ಕಾಗದ ಓದಿ ಸಿಟ್ಟು ನೆತ್ತಿಗೇರಿತು. ಗೊತ್ತಿದ್ದೂ ಹೇಳುವುದಿಲ್ಲ ಅಂದರೆ ಏನರ್ಥ? ಹೆತ್ತ ಅಪ್ಪನಿಗಿಂತ ನೀನು ಕೊಟ್ಟ ಮಾತು ಹೆಚ್ಚೇ? ಪೊಲೀಸರು ಅಂದರೆ ಇಷ್ಟೇ ಅಂದುಕೊಂಡೆ. ರೇಡಿಯೋಗೆ ಹೇಗೆ ಹೇಳುವುದೆಂದು ಹೆದರಿ ಕೆಲವು ದಿನ ಕಾಗದವನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗಿದೆ. ಕೊನೆಗೆ ಓದಿ ಹೇಳಿದೆ.

"ಅವಳು ಕಣ್ಣಾರೆ ನೋಡಿದ್ಲಾ?" ಅಂದ. "ನೋಡಿದಾಳೆ." "ಎಲ್ಲಿ ಅಂತ ನಿನಗಾದ್ರೂ ಹೇಳಿದ್ಲಾ?" "ಇಲ್ಲ ಕಣೋ." ಅವನು ಟವೆಲ್ಲಿನಲ್ಲಿ ಮುಖ ಒತ್ತಿಕೊಂಡು, "ಸದ್ಯ! ನನಗೆ ಹೇಳಿದ್ರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗ್ತಿತ್ತು. ನಿನ್ನ ಮಗಳ ಬಾಯಿ ನನಗಿದ್ದಿದ್ರೆ ನನ್ನ ಮಗ ಮನೇಲಿರ್ತಿದ್ದ" ಅಂದ. ಅಳುತ್ತಿದ್ದನೋ ನಗುತ್ತಿದ್ದನೋ, ಟವೆಲ್ ಅಡ್ಡವಿತ್ತು. ಅಂಗಡಿಯಲ್ಲಿ ಬೇರೆಯವರೂ ಇದ್ದರು. ಯಾರೂ ನಗಲಿಲ್ಲ.

ಕೇಳಿದ್ದೀಯಲ್ಲ, ಹೂಂ ಅನ್ನುತ್ತೀಯಾ ಅಂತ. ಉಹೂಂ.

ನೀನು ಬಂದುಬಿಟ್ಟರೆ ಆ ಮೇಜಿನ ಹಿಂದೆ ಇನ್ನೊಬ್ಬರು ಕೂರುತ್ತಾರೆ. ತಲೆ ಎತ್ತದೆ "ಹೊಡೆದು ಓಡಿಸಿದ್ಯಾ?" ಅನ್ನುತ್ತಾರೆ. ಇನ್ಯಾರದೋ ಅಪ್ಪ ಮಗನ ಫೋಟೋ ಜೇಬಿಗೆ ಹಾಕಿಕೊಂಡು ವಾಪಸ್ಸು ನಡೆಯುತ್ತಾನೆ. ನನಗೆ ನೀನು ಬೇಕು ಪುಟ್ಟೀ. ಬೆಳಿಗ್ಗೆ ಅಂಗಡಿ ತೆಗೆಯುವಾಗ ಬೇಕು, ಊಟಕ್ಕೆ ಕೂತಾಗ ಬೇಕು. ಆದರೂ ಕೆಲಸ ಬಿಡಬೇಡ. ಯೂನಿಫಾರ್ಮನ್ನು ಹೊರಗೆ ಬಿಸಿಲಲ್ಲಿ ಒಣಹಾಕು. ಯಜಮಾನಿಗೆ ನಾನು ಹೇಳಿದೆ ಅನ್ನು.

ಇದರ ಜೊತೆಗೆ ರೇಡಿಯೋ ಕೊಟ್ಟ ಲಕೋಟೆ ಇದೆ. ಮಗನಿಗೆ ತಲುಪಿಸಬೇಕಂತೆ. ಈ ಸಲ ನನ್ನ ಕೈಲಿ ಬರೆಸಲಿಲ್ಲ. ಏನು ಬರೆದೆ ಅಂತ ಕೇಳಿದೆ, ಹೇಳಲಿಲ್ಲ. ಅಂಟಿಸಿಯೇ ಕೊಟ್ಟ.

ಅಪ್ಪ


ಜೂನ್ ೧೩

ಮಗನೇ,

ಇದನ್ನು ನಾನೇ ಬರೆದಿದ್ದೇನೆ. ಯಾರಿಗೂ ತೋರಿಸಿಲ್ಲ. ನಂಬು.

ಎಲ್ಲಿದ್ದೀಯ ಅಂತ ಕೇಳುವುದಿಲ್ಲ. ಕೇಳಬೇಕೆಂದು ನಾಲಿಗೆ ತುರಿಸುತ್ತಿದೆ, ಆದರೂ ಕೇಳುವುದಿಲ್ಲ. ಅಂಗಡಿಗೆ ಬೆಲ್ಲು ರಿಪೇರಿಗೆ ಬಂದರೆ ನಾನು ಮುಟ್ಟುತ್ತಿಲ್ಲ. ಹುಡುಗ ಊರಲ್ಲಿಲ್ಲ ಅಂತ ಕಳಿಸುತ್ತೇನೆ. ನೀನು ಬರಬೇಕು ಅನ್ನಿಸಿದ ದಿನ ಬಾ. ನೀನು ಅತ್ತದ್ದನ್ನು ಹೇಳಿ ನಾಲ್ಕು ಜನರನ್ನು ನಗಿಸಿದೆ. ನೀನಿಲ್ಲದ ಮನೆಯಲ್ಲಿ ಈಗ ನನಗೂ ಹಾಗೇ ಅಳು ಬರುತ್ತದೆ.

ಹೋದ ಸಲ ಆ ಹುಡುಗಿಯನ್ನು ನೋಡಿ ಓಡಿದೆಯಂತೆ. ಇನ್ನು ಓಡಬೇಡ. ಅವಳು ಪೊಲೀಸೇ, ಇರಲಿ. ಕೂರಲು ಏನಾದರೂ ಹಾಕು, ಕುಡಿಯಲು ನೀರು ಕೊಡು. ಅವಳು ಮನೆಗೆ ಬರಬೇಕಾಗಿದ್ದ ದಿನ ನಿನ್ನನ್ನು ನೋಡಲು ಬಂದಳು. ಅವತ್ತು ಅವಳ ಅಪ್ಪ ಬಸ್ ನಿಲ್ದಾಣದಲ್ಲಿ ಕೂತಿದ್ದ. ಬಸ್ಸು ಬಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದ, ಮತ್ತೆ ಕೂರುತ್ತಿದ್ದ. ನಾನು ದೂರದಿಂದ ನೋಡಿದೆ. ಮಾತಾಡಿಸದೆ ಬಂದುಬಿಟ್ಟೆ.

ಇದನ್ನು ಇನ್ನೂ ಯಾರಿಗೂ ಹೇಳಿಲ್ಲ. ಅವಳಿಗೆ ಹೇಳುವುದೋ ಬೇಡವೋ, ನೀನೇ ನೋಡು.

ನಿನ್ನ
ಅಪ್ಪ